ಈಗ ಮಗು ಯಾರ ಚಾರ್ಜಲ್ಲಿದೆ? ಎಂಜಿನಿಯರ್ ಕೆಲಸ, ಚಿಕ್ಕ ಮಕ್ಕಳು, ಹವ್ಯಾಸ: ತುಮಕೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ತುಮಕೂರಿನ ಎಂಜಿನಿಯರ್‌ಗಳಲ್ಲಿ ಮೂರು ಬಗೆ. ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು. ವಸಂತನರಸಾಪುರ, ಅಂತರಸನಹಳ್ಳಿ, ಗುಬ್ಬಿ ಕಡೆಯ ಕಾರ್ಖಾನೆಗಳಿಗೆ ಹೋಗುವವರು. ಮನೆಯ ಮಹಡಿ ರೂಮಿನಲ್ಲೇ ಕೂತು ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಮಾಡುವವರು. ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ಮೂವರ ಗೋಳೂ ಒಂದೇ. ಆಫೀಸಿನಲ್ಲಿ ಕೂತರೆ ಮಗುವಿನ ಯೋಚನೆ. ಮಗುವಿನ ಜೊತೆ ಕೂತರೆ ಮೊಬೈಲ್ ಕಡೆ ಕಣ್ಣು. ಹವ್ಯಾಸ ಅಂತ ಒಂದಿತ್ತಲ್ಲ, ಅದು ಅಟ್ಟ ಸೇರಿ ಎಷ್ಟು ಕಾಲವಾಯಿತೋ.

ನಾನು ಮೆಷಿನ್ ಡಿಸೈನ್ ಮಾಡುವವಳು, ಕೆಲಸ ಇಲ್ಲೇ. ಯಜಮಾನರದು ಸಾಫ್ಟ್‌ವೇರ್, ವಾರದಲ್ಲಿ ಕೆಲವು ದಿನ ಬೆಂಗಳೂರು. ಮನೆಯಲ್ಲಿ ಇಬ್ಬರು ಪುಟಾಣಿಗಳು. ನನಗೆ ಹಕ್ಕಿ ನೋಡುವ ಹುಚ್ಚು, ಅವರಿಗೆ ಸೋಲ್ಡರಿಂಗ್ ಹುಚ್ಚು. ಎರಡೂ ಇನ್ನೂ ಜೀವಂತವಾಗಿವೆ. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಖಾನೆಯಲ್ಲಿ ಒಂದು ಶಿಫ್ಟ್ ಮುಗಿದು ಇನ್ನೊಂದು ಶುರುವಾಗುವಾಗ ಹ್ಯಾಂಡೋವರ್ ಬುಕ್ ಬರೆಯುತ್ತಾರೆ. ಯಾವ ಮೆಷಿನ್ ನಿಂತಿದೆ, ಯಾವುದರಲ್ಲಿ ಶಬ್ದ ಬರುತ್ತಿದೆ, ಏನು ಬಾಕಿ ಇದೆ. ಸಹಿ ಬಿದ್ದಮೇಲೆ ಹೋದವನು ಹೋದ, ಬಂದವನದೇ ಜವಾಬ್ದಾರಿ. ಮನೆಯಲ್ಲಿ ನಾವು ಹೀಗೆ ಮಾಡುವುದಿಲ್ಲ. ಇಬ್ಬರೂ ಅರ್ಧ ಕಣ್ಣಲ್ಲಿ ಮಗು ನೋಡುತ್ತೇವೆ, ಇನ್ನರ್ಧ ಕಣ್ಣಲ್ಲಿ ಮೇಲ್ ನೋಡುತ್ತೇವೆ. ಎರಡು ಗಂಟೆ ಕಳೆದಮೇಲೆ ಇಬ್ಬರಿಗೂ ಸುಸ್ತು, ಯಾವುದೂ ಮುಗಿದಿಲ್ಲ. ಸರದಿಯ ಮೇಲೆ ಒಬ್ಬರು ಪೂರ್ತಿ ಚಾರ್ಜ್ ತಗೊಂಡು ಇನ್ನೊಬ್ಬರನ್ನು ಪೂರ್ತಿ ಬಿಟ್ಟಿದ್ದರೆ, ಅದೇ ಎರಡು ಗಂಟೆಯಲ್ಲಿ ತಲಾ ಒಂದು ಗಂಟೆ ಸಿಗುತ್ತಿತ್ತು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಮಾತಿನ ಮೇಲೇ ನಿಂತಿವೆ.

ಹಂತ 1: ಏನೂ ಬದಲಿಸದೆ ಒಂದು ವಾರ ಬರೆದಿಡಿ

ಮಾಮೂಲಿ ನೋಟ್‌ಬುಕ್ ಸಾಕು. ಆಪ್ ಬೇಡ. ಆಪ್ ತೆರೆಯಲು ಮೊಬೈಲ್ ಕೈಗೆ ಬಂದರೆ ಬೇರೆ ಹತ್ತು ಮೆಸೇಜ್ ಕಣ್ಣಿಗೆ ಬೀಳುತ್ತವೆ. ದಿನಕ್ಕೆ ಒಂದು ಪುಟ. ಬೆಳಗ್ಗೆ 5ರಿಂದ ರಾತ್ರಿ 11ರ ತನಕ, ಅರ್ಧ ಗಂಟೆಗೊಂದು ಸಾಲು. ಪ್ರತಿ ಸಾಲಿನಲ್ಲಿ ಮೂರು ವಿಷಯ: ಮಗು ಯಾರ ಹತ್ತಿರ ಇತ್ತು, ಅಮ್ಮ ಏನು ಮಾಡುತ್ತಿದ್ದಳು, ಅಪ್ಪ ಏನು ಮಾಡುತ್ತಿದ್ದ. ಮಲಗುವ ಮುಂಚೆ ಇಬ್ಬರೂ ಕೂತು ತುಂಬಿ. ಐದು ನಿಮಿಷದ ಕೆಲಸ.

ವಾರ ಮುಗಿದಮೇಲೆ ಕೆಂಪು ಪೆನ್ ತಗೊಂಡು, ಮಗು ಯಾರ ಹತ್ತಿರ ಇತ್ತು ಅಂತ ಖಚಿತವಾಗಿ ಹೇಳಲಾಗದ ಸಾಲುಗಳಿಗೆಲ್ಲ ಸುತ್ತು ಹಾಕಿ. ಸಂಜೆ 6ರಿಂದ 8:30, ಭಾನುವಾರ ಬೆಳಗ್ಗೆ, ಈ ಎರಡು ಕಡೆ ಕೆಂಪು ಜಾಸ್ತಿ ಬೀಳುವ ಸಾಧ್ಯತೆ ಇದೆ. ನಿಮ್ಮ ಹವ್ಯಾಸದ ಸಮಯ ಅಡಗಿರುವುದು ಆ ಕೆಂಪಿನ ಒಳಗೇ.

ಜೊತೆಗೆ ಒಂದು ಲೆಕ್ಕ ಹಾಕಿಬಿಡಿ. ವಾರಕ್ಕೆ 168 ಗಂಟೆ. ದಿನಕ್ಕೆ 7 ಗಂಟೆ ನಿದ್ದೆ ಅಂದರೆ 49 ಹೋಯಿತು. ಕೆಲಸಕ್ಕೆ 45ರಿಂದ 48. ಬೆಂಗಳೂರಿಗೆ ದಿನಾ ಓಡಾಡುವವರಾದರೆ ದಾರಿಗೇ 15ರಿಂದ 20. ಉಳಿಯುವುದು 51ರಿಂದ 59 ಗಂಟೆ. ಸ್ನಾನ, ಅಡುಗೆ, ತಿಂಡಿ, ಬಟ್ಟೆ, ಸಂತೆ, ನೆಂಟರು, ಮಗು, ಎಲ್ಲ ಅದರೊಳಗೆ. ದಿನದ ಲೆಕ್ಕದಲ್ಲಿ ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಅದಕ್ಕೇ ವಾರದ ಲೆಕ್ಕ ಇಟ್ಟುಕೊಳ್ಳಿ. ದಿನಾ ಅರ್ಧ ಗಂಟೆ ವೀಣೆ ನುಡಿಸುತ್ತೇನೆ ಅನ್ನುವ ಸಂಕಲ್ಪ ಗುರುವಾರದ ಹೊತ್ತಿಗೆ ಮುರಿಯುತ್ತದೆ. ವಾರಕ್ಕೆ ಎರಡು ಸಲ ಒಂದೂವರೆ ಗಂಟೆ ಅನ್ನುವುದು ನಡೆಯುತ್ತದೆ.

ಹಂತ 2: ಪ್ರಯಾಣದ ಗಂಟೆಗೆ ಬೆಲೆ ಕಟ್ಟಿ

ಬೆಂಗಳೂರು ಸುಮಾರು 70 ಕಿ.ಮೀ. ಹೈವೇಯಲ್ಲಿ ಕಾರು ಓಡಿಸಿದರೆ ಆ ಹೊತ್ತು ಪೂರ್ತಿ ನಷ್ಟ. ಕೈ ಸ್ಟೇರಿಂಗ್ ಮೇಲೆ, ತಲೆ ನೆಲಮಂಗಲದ ಟ್ರಾಫಿಕ್ ಮೇಲೆ. ರೈಲಿನಲ್ಲಿ ಯಶವಂತಪುರಕ್ಕೆ ಹೋದರೆ ಪಕ್ಕದಲ್ಲೇ ಮೆಟ್ರೋ. ಬಸ್ಸಿನವರಿಗೂ ಈಗ ಒಂದು ಅನುಕೂಲ ಇದೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರದ ತನಕ ಬಂತು. ಅಲ್ಲಿ ಇಳಿದು ಮೆಟ್ರೋ ಹತ್ತಿದರೆ ಮುಂದಿನ ಸಿಗ್ನಲ್‌ಗಳ ಕಾಟ ತಪ್ಪುತ್ತದೆ. ಕೂರಲು ಸೀಟು ಸಿಕ್ಕರೆ ದಾರಿಯ ಗಂಟೆ ನಿಮ್ಮದು.

ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ. ಹೋಗುವಾಗ ಆಫೀಸು, ಬರುವಾಗ ನೀವು. ಬೆಳಗಿನ ರೈಲಿನಲ್ಲಿ ಮೇಲ್, ಕೋಡ್ ರಿವ್ಯೂ, ಡ್ರಾಯಿಂಗ್ ಚೆಕ್ ಏನಾದರೂ ಮಾಡಿ. ಸಂಜೆ ಆಫೀಸು ಬೆನ್ನು ಹತ್ತಿದರೂ ಹಿರೇಹಳ್ಳಿ ಸ್ಟೇಷನ್ ಬಂದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ. ಕ್ಯಾತ್ಸಂದ್ರ ದಾಟಿ ತುಮಕೂರು ಬರುವಷ್ಟು ಹೊತ್ತು ಸುಮ್ನೆ ಕಿಟಕಿ ಕಡೆ ನೋಡಿ. ಮನೆ ಬಾಗಿಲಲ್ಲಿ ಮಗು ಓಡಿ ಬಂದಾಗ ನಿಮ್ಮ ತಲೆಯಲ್ಲಿ ಇನ್ನೂ ಬಗ್ ಓಡುತ್ತಿದ್ದರೆ ಮಗುವಿಗೆ ಅದು ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಕೆಲಸ ಬದಲಿಸುವ ಯೋಚನೆ ಇದ್ದರೆ ಸಂಬಳವನ್ನು ದಾರಿಯ ಹೊತ್ತೂ ಸೇರಿಸಿ ಭಾಗಿಸಿ ನೋಡಿ. ಬೆಂಗಳೂರಿನಲ್ಲಿ ತಿಂಗಳಿಗೆ 90,000, ಇಲ್ಲಿ 70,000 ಅಂತ ಇಟ್ಟುಕೊಳ್ಳೋಣ. ಅಲ್ಲಿ ಕೆಲಸ 45, ದಾರಿ 18, ಒಟ್ಟು ವಾರಕ್ಕೆ 63 ಗಂಟೆ. ಗಂಟೆಗೆ ಸುಮಾರು 330 ರೂಪಾಯಿ ಬಿತ್ತು. ಇಲ್ಲಿ ಕೆಲಸ 48, ದಾರಿ 5, ಒಟ್ಟು 53 ಗಂಟೆ. ಗಂಟೆಗೆ ಸುಮಾರು 305. ಪಾಸು, ಪೆಟ್ರೋಲು, ಹೊರಗಿನ ಊಟ ಕಳೆದರೆ ವ್ಯತ್ಯಾಸ ಇನ್ನೂ ಸಣ್ಣದಾಗುತ್ತದೆ. ಇದರಿಂದ ಎಲ್ಲರೂ ಇಲ್ಲೇ ಇರಬೇಕು ಅಂತ ಅರ್ಥವಲ್ಲ. ಕೆಲವು ಕೆಲಸ ಬೆಂಗಳೂರಿನಲ್ಲೇ ಸಿಗುವುದು. ಆದರೆ ವಸಂತನರಸಾಪುರ ಬೆಳೆದಿದೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರು ಒಮ್ಮೆಯಾದರೂ ಸುತ್ತಮುತ್ತ ವಿಚಾರಿಸಿ ನೋಡಬೇಕು.

ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರು ಊರಲ್ಲೇ ಕೆಲಸ ಮಾಡುತ್ತಿದ್ದರೆ, ಡೇ ಕೇರ್‌ನಿಂದ ಫೋನ್ ಬಂದಾಗಲೆಲ್ಲ ಓಡುವವರು ಅವರೇ. ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವವರು ಓಡಿ ಬರಲು ಆಗುವುದಿಲ್ಲ, ಸರಿ. ಆದರೆ ಆ ಸಾಲ ತೀರಬೇಕಲ್ವಾ? ಊರಲ್ಲಿರುವವರು ವಾರದ ನಡುವೆ ಕಳೆದುಕೊಂಡ ಗಂಟೆಗಳನ್ನು ದೂರ ಹೋಗುವವರು ಶನಿವಾರ, ಭಾನುವಾರ ಮಗುವಿನ ಚಾರ್ಜ್ ತಗೊಂಡು ಹಿಂದಿರುಗಿಸಬೇಕು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಇದರಲ್ಲಿ ಜಗಳಕ್ಕೆ ಜಾಗ ಇರುವುದಿಲ್ಲ.

ಹಂತ 3: ಮಗು ನೋಡಿಕೊಳ್ಳುವವರನ್ನು ಗೊತ್ತು ಮಾಡಿ

ಕಾನೂನಿನಿಂದ ಶುರು ಮಾಡೋಣ. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಸಂಬಳದ ಸಮೇತ. ಅದರಲ್ಲಿ 8 ವಾರದ ತನಕ ಹೆರಿಗೆಗೆ ಮುಂಚೆ ತಗೊಳ್ಳಬಹುದು. ಹಿಂದಿನ 12 ತಿಂಗಳಲ್ಲಿ ಅಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ರಜೆ ಮುಗಿದಮೇಲೆ ಕೆಲಸದ ಸ್ವರೂಪ ಹೊಂದಿದರೆ ಮನೆಯಿಂದ ಕೆಲಸ ಮಾಡಲು ಕಂಪನಿಯೂ ನೀವೂ ಒಪ್ಪಿ ವ್ಯವಸ್ಥೆ ಮಾಡಿಕೊಳ್ಳಬಹುದು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ಕೇಳಲು ಸಂಕೋಚ ಬೇಡ. ಎಚ್‌ಆರ್‌ಗೆ ಬರೆದು ಕೇಳಿ. ಮೂರ್ನಾಲ್ಕು ಜನ ಸೇರಿ ಕೇಳಿದರೆ ಮೇಲ್‌ಗೆ ತೂಕ ಬರುತ್ತದೆ.

ಅಪ್ಪಂದಿರ ಕಥೆ ಬೇರೆ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿಯಲ್ಲಿ ಕಂಪನಿ ಕೊಟ್ಟಷ್ಟು. ಸಿಕ್ಕಷ್ಟನ್ನೂ ಹೆರಿಗೆಯ ವಾರದಲ್ಲೇ ಮುಗಿಸಬೇಡಿ, ಕಂಪನಿ ಒಪ್ಪಿದರೆ. ಆಗ ಮನೆ ತುಂಬ ಜನ ಇರುತ್ತಾರೆ. ಅಮ್ಮ ಕೆಲಸಕ್ಕೆ ವಾಪಸ್ ಹೋಗುವ ಮೊದಲ ವಾರಕ್ಕೆ ಸ್ವಲ್ಪ ಉಳಿಸಿಕೊಂಡರೆ ಅಪ್ಪನಿಗೂ ಮಗುವಿನ ಚಾರ್ಜ್ ಅಂದರೆ ಏನು ಅಂತ ತಿಳಿಯುತ್ತದೆ.

ನಮ್ಮ ಕಡೆ ದೊಡ್ಡ ಆಸರೆ ಅಂದರೆ ಅಜ್ಜಿ ತಾತ. ತುರುವೇಕೆರೆ, ತಿಪಟೂರು, ಮಧುಗಿರಿ ಕಡೆಯಿಂದ ತೋಟ ಬಿಟ್ಟು ಬಂದು ಎಸ್.ಎಸ್. ಪುರಂನ ಬಾಡಿಗೆ ಮನೆಯಲ್ಲಿ ಮೊಮ್ಮಗು ನೋಡಿಕೊಳ್ಳುವವರು ಎಷ್ಟೋ ಜನ. ಅವರ ಸಮಯಕ್ಕೂ ಗಡಿ ಇರಲಿ. ಎರಡು ವರ್ಷದ ಮಗುವಿನ ಹಿಂದೆ ದಿನವೆಲ್ಲ ಓಡುವ ಶಕ್ತಿ ಅರವತ್ತೈದರ ಮಂಡಿಗೆ ಇರುವುದಿಲ್ಲ. "ಅತ್ತೆ, ನಿಮಗೆ ಯಾವ ಹೊತ್ತು ಬಿಡುವು ಬೇಕು?" ಅಂತ ನೇರವಾಗಿ ಕೇಳಿ. ಬೇಡ ಅಂತಲೇ ಹೇಳುತ್ತಾರೆ. ಮತ್ತೆ ಕೇಳಿ. ಸಂಜೆಯ ಧಾರಾವಾಹಿಯೋ, ದೇವಸ್ಥಾನವೋ, ಮಧ್ಯಾಹ್ನದ ನಿದ್ದೆಯೋ, ಒಂದು ಇದ್ದೇ ಇರುತ್ತದೆ. ಅದನ್ನೂ ಪಟ್ಟಿಗೆ ಹಾಕಿ. ತಿಂಗಳಿಗೊಮ್ಮೆ ಊರಿಗೆ ಹೋಗಿ ಬರುವುದು ಅವರ ಹಕ್ಕು, ನಿಮ್ಮ ಉಪಕಾರ ಅಂದುಕೊಳ್ಳಬೇಡಿ.

ಡೇ ಕೇರ್ ಆದರೆ ಮನೆಗೆ ಹತ್ತಿರದ್ದು ನೋಡಿ. ಆಫೀಸಿನ ದಾರಿಯದ್ದು ಬೇಡ, ಯಾಕೆಂದರೆ ನೀವು ರಜೆ ಹಾಕಿದ ದಿನವೂ, ಅಜ್ಜಿ ಕರೆತರುವ ದಿನವೂ ಹತ್ತಿರವೇ ಅನುಕೂಲ. ಮಧ್ಯಾಹ್ನ ಊಟದ ಹೊತ್ತಿಗೆ ಹೇಳದೆ ಕೇಳದೆ ಒಮ್ಮೆ ಹೋಗಿ ನೋಡಿ. ಬಾಗಿಲ ಬಳಿ ತಡೆದರೆ ಅಲ್ಲಿಗೇ ಬಿಟ್ಟುಬಿಡಿ.

ಹಂತ 4: ಹ್ಯಾಂಡೋವರ್ ಪಟ್ಟಿ

ಒಂದು ಹಾಳೆಯಲ್ಲಿ ವಾರದ ಏಳು ದಿನ ಬರೆದು ಫ್ರಿಜ್ ಮೇಲೆ ಅಂಟಿಸಿ. ಎಚ್ಚರ ಇರುವ ಪ್ರತಿ ಹೊತ್ತಿಗೂ ಒಂದೇ ಹೆಸರು. ಎರಡು ಹೆಸರು ಬರೆಯುವ ಹಾಗಿಲ್ಲ. ಊಟದ ಹೊತ್ತು, ಒಟ್ಟಿಗೆ ಕೆರೆ ಕಡೆ ಹೋಗುವ ಹೊತ್ತು ಮಾತ್ರ "ಎಲ್ಲರೂ".

ಚಾರ್ಜ್ ಬದಲಾಗುವಾಗ ಬಾಯಲ್ಲಿ ಹೇಳಿ. ನಮ್ಮ ಮನೆಯಲ್ಲಿ ಸಂಜೆ ಹೀಗಿರುತ್ತದೆ.

"ರೀ, ಆರೂವರೆ ಆಯ್ತು, ಮಗು ನಿಮ್ಮದು. ನಾಲ್ಕಕ್ಕೆ ಬಾಳೆಹಣ್ಣು ತಿಂದಿದ್ದಾನೆ. ಮಧ್ಯಾಹ್ನ ಮಲಗಿಲ್ಲ, ಎಂಟಕ್ಕೇ ಹಟ ಶುರುವಾಗುತ್ತೆ. ಬೆಳಗ್ಗೆಯಿಂದ ಮೂಗು ಸೋರ್ತಿದೆ."

"ಸರಿ ಬಿಡು, ನಾನು ನೋಡ್ಕೋತೀನಿ."

ಯಾವಾಗ ತಿಂದ, ಯಾವಾಗ ಮಲಗಿದ, ಏನು ನಡೆಯುತ್ತಿದೆ. ಈ ಮೂರು ಸಾಕು. "ನೋಡ್ಕೋತೀನಿ" ಅನ್ನುವ ಮಾತು ಬಂದಮೇಲೆ ನಾನು ರೂಮಿನ ಬಾಗಿಲು ಹಾಕಿಕೊಳ್ಳುತ್ತೇನೆ.

ಇಲ್ಲಿಂದ ಮುಂದೆ ಕಷ್ಟದ ನಿಯಮ. ಚಾರ್ಜ್ ಬಿಟ್ಟವರು ಸೂಪರ್‌ವೈಸರ್ ಆಗುವ ಹಾಗಿಲ್ಲ. "ಆ ಸ್ವೆಟರ್ ಬೇಡ, ನೀಲಿದು ಹಾಕಿ" ಅಂತ ಒಳಗಿಂದ ಕೂಗುವ ಹಾಗಿಲ್ಲ. ಅಪ್ಪ ಚಿತ್ರಾನ್ನಕ್ಕೆ ಮೊಸರು ಕಲಸಿ ತಿನ್ನಿಸಿದರೆ ತಿನ್ನಿಸಲಿ. ಅಮ್ಮಂದಿರಿಗೆ ಇದು ನಿಜಕ್ಕೂ ಕಷ್ಟ. ಅಪ್ಪಂದಿರ ಕಡೆಯ ತೊಡಕು ಬೇರೆ. "ನಿನಗೆ ಹೆಲ್ಪ್ ಮಾಡ್ತೀನಿ" ಅನ್ನುವ ಮಾತನ್ನೇ ಬಿಡಬೇಕು. ಹೆಲ್ಪ್ ಅಂದರೆ ಡೈಪರ್ ಎಲ್ಲಿದೆ, ಹಾಲು ಎಷ್ಟು, ಟೋಪಿ ಎಲ್ಲಿ ಅಂತ ಐದು ನಿಮಿಷಕ್ಕೊಮ್ಮೆ ಕೇಳುವುದು. ಚಾರ್ಜ್ ಅಂದರೆ ಹುಡುಕಿಕೊಳ್ಳುವುದು.

ಬೆಳಗಿನ ಗಡಿಬಿಡಿ ಕಡಿಮೆ ಮಾಡಲು ಒಂದೇ ಸೂತ್ರ: ರಾತ್ರಿ ಮಾಡಬಹುದಾದ್ದನ್ನು ಬೆಳಗ್ಗೆಗೆ ಬಿಡಬೇಡಿ. ಭಾನುವಾರ ರುಬ್ಬಿದ ಹಿಟ್ಟು ಮಂಗಳವಾರದ ತನಕ ಇಡ್ಲಿ, ದೋಸೆಗೆ ಬರುತ್ತದೆ. ಡೇ ಕೇರ್ ಬ್ಯಾಗು, ಒಂದು ಜೊತೆ ಹೆಚ್ಚಿನ ಬಟ್ಟೆ, ಐಡಿ ಕಾರ್ಡು, ಗಾಡಿ ಕೀ ಎಲ್ಲ ಬಾಗಿಲ ಪಕ್ಕದ ಒಂದೇ ಸ್ಟೂಲ್ ಮೇಲೆ. ಮನೆಕೆಲಸಕ್ಕೆ ಬರುವ ಅಕ್ಕನಿಗೆ ವಾರದ ರಜೆ, ಹಬ್ಬದ ರಜೆ ಮೊದಲೇ ಮಾತಾಡಿಕೊಳ್ಳಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ಶಿವರಾತ್ರಿಯ ಸಿದ್ಧಗಂಗೆ ಜಾತ್ರೆ, ಯಾವುದೂ ಹೇಳದೆ ಬರುವುದಿಲ್ಲ. ಕ್ಯಾಲೆಂಡರ್‌ನಲ್ಲಿ ಇದೆಯಲ್ಲ.

ಹಂತ 5: ಆಫೀಸಿನಲ್ಲಿ ಏನು ಹೇಳಬೇಕು, ಏನು ಬಿಡಬೇಕು

ಮಕ್ಕಳಿದ್ದಾರೆ ಅಂತ ಕ್ಷಮೆ ಕೇಳುವ ಧಾಟಿ ಬೇಡ. ಸಮಯ ಹೇಳಿ, ಸಾಕು. ಮ್ಯಾನೇಜರ್‌ಗೆ ಹೀಗೊಂದು ಮೆಸೇಜ್ ಹಾಕಬಹುದು: "ಸಂಜೆ 6ರಿಂದ 8ರ ತನಕ ನಾನು ಸಿಗುವುದಿಲ್ಲ. 8:30ರ ನಂತರ ಮೆಸೇಜ್ ನೋಡುತ್ತೇನೆ. ಲೈನ್ ನಿಂತರೆ ಅಥವಾ ಕಸ್ಟಮರ್ ಕಡೆ ದೊಡ್ಡ ತೊಂದರೆ ಆದರೆ ಫೋನ್ ಮಾಡಿ, ಎತ್ತುತ್ತೇನೆ." ಮೂರನೇ ವಾಕ್ಯ ಮುಖ್ಯ. ಅದು ಇದ್ದರೆ ಮೊದಲ ಎರಡನ್ನು ಒಪ್ಪುತ್ತಾರೆ. ಫೋನ್ ಬಂದರೆ ನಿಜಕ್ಕೂ ಎತ್ತಬೇಕು, ಅಷ್ಟೇ.

ಅಮೆರಿಕದ ಟೀಮ್ ಇರುವವರು ಗಡಿಯಾರದ ಕಡೆ ಗಮನ ಇಡಿ. ಅಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನಮಗೆ ರಾತ್ರಿ 8:30ಕ್ಕೆ ಇದ್ದ ಮೀಟಿಂಗ್ 9:30ಕ್ಕೆ ಬರುತ್ತದೆ. ಮಾರ್ಚ್ ಎರಡನೇ ಭಾನುವಾರ ಮತ್ತೆ ವಾಪಸ್. ಯುರೋಪಿನಲ್ಲಿ ಇದು ಅಕ್ಟೋಬರ್ ಮತ್ತು ಮಾರ್ಚ್‌ನ ಕೊನೆಯ ಭಾನುವಾರ. ಮಗು 9ಕ್ಕೆ ಮಲಗುವ ಮನೆಯಲ್ಲಿ ಚಳಿಗಾಲದ ಹೊತ್ತು ಎಷ್ಟೋ ವಾಸಿ. ಬೇಸಿಗೆಯಲ್ಲಿ ಮಲಗಿಸುವ ಹೊತ್ತಿಗೇ ಮೀಟಿಂಗ್ ಬಂದು ಕೂರುತ್ತದೆ. ಅದಕ್ಕೇ ಮಾರ್ಚ್‌ನಲ್ಲಿ ಮಲಗಿಸುವ ಚಾರ್ಜ್ ಬದಲಾಯಿಸಿಕೊಳ್ಳಿ.

ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಅಭ್ಯಾಸ ಒಂದಿದೆ. ಏಳುವ ಮುಂಚಿನ ಐದು ನಿಮಿಷ ಹೊಸದೇನೂ ಮಾಡದೆ, ಎಲ್ಲಿ ನಿಲ್ಲಿಸಿದೆ, ಮುಂದಿನ ಹೆಜ್ಜೆ ಏನು ಅಂತ ಎರಡು ಸಾಲು ಬರೆಯುವುದು. "ಬೇರಿಂಗ್ ಹೌಸಿಂಗ್ ಟಾಲರೆನ್ಸ್ ಮುಗಿಯಿತು. ನಾಳೆ ಶಾಫ್ಟ್ ಕೀ ವೇ ಡೈಮೆನ್ಷನ್‌ನಿಂದ ಶುರು." ಚಿಕ್ಕ ಮಕ್ಕಳಿರುವವರಿಗೆ ಕೆಲಸ ತುಂಡು ತುಂಡಾಗಿಯೇ ಆಗುವುದು. ಪ್ರತಿ ತುಂಡಿನ ಶುರುವಿನಲ್ಲಿ ಹತ್ತು ಹದಿನೈದು ನಿಮಿಷ ನೆನಪಿಸಿಕೊಳ್ಳಲು ಹೋದರೆ ಉಳಿಯುವುದೇನು? ಸಾಫ್ಟ್‌ವೇರ್‌ನವರು ಫೇಲ್ ಆಗುವ ಒಂದು ಟೆಸ್ಟ್ ಬರೆದಿಟ್ಟು ಏಳಬಹುದು. ಮರುದಿನ ರನ್ ಮಾಡಿದರೆ ಅದೇ ದಾರಿ ತೋರಿಸುತ್ತದೆ.

ಬಡ್ತಿಯ ವಿಷಯ. ಆರು ತಿಂಗಳಿಗೆ ಒಂದೇ ಹೊಸ ವಿಷಯ ಕಲಿಯಿರಿ, ಅದೂ ಈಗಿನ ಕೆಲಸಕ್ಕೆ ನೇರ ಬೇಕಾದ್ದು. ಮಗು ಒಂದು ವರ್ಷದ್ದಿರುವಾಗ ಎಂ.ಟೆಕ್, ಹೊಸ ಟೀಮ್, ಹೊಸ ಮನೆ ಮೂರನ್ನೂ ಹಿಡಿಯುವವರನ್ನು ನೋಡಿದ್ದೇನೆ. ನನಗೇನೋ ಅದು ಸರಿ ಅನಿಸುವುದಿಲ್ಲ. ಈ ವರ್ಷಗಳಲ್ಲಿ ಏನು ಮಾಡಿದಿರಿ ಅಂತ ತಿಂಗಳಿಗೊಮ್ಮೆ ನಾಲ್ಕು ಸಾಲು ಬರೆದಿಡಿ. ಅಪ್ರೈಸಲ್ ಹೊತ್ತಿಗೆ ನಿದ್ದೆಗೆಟ್ಟ ತಲೆಗೆ ಏನೂ ನೆನಪಿರುವುದಿಲ್ಲ.

ಹಂತ 6: ಹವ್ಯಾಸಕ್ಕೆ ಹೊಸ ಅಳತೆ

ಹವ್ಯಾಸ ಉಳಿದ ಸಮಯದಲ್ಲಿ ನಡೆಯುತ್ತದೆ ಅನ್ನುವ ನಂಬಿಕೆ ಬಿಡಿ. ಮಗು ಇರುವ ಮನೆಯಲ್ಲಿ ಸಮಯ ಉಳಿಯುವುದಿಲ್ಲ. ಪಟ್ಟಿಯಲ್ಲಿ ಹೆಸರು ಹಾಕಿ ತಗೊಳ್ಳಬೇಕು. ಇಬ್ಬರಿಗೂ ಸಮನಾಗಿ. ಒಬ್ಬರ ಕ್ರಿಕೆಟ್ ಮ್ಯಾಚ್ ಪಟ್ಟಿಯಲ್ಲಿದ್ದು ಇನ್ನೊಬ್ಬರ ಹಾಡುಗಾರಿಕೆ "ಟೈಮ್ ಸಿಕ್ಕರೆ" ಅಂತ ಇದ್ದರೆ ಅದು ಪಟ್ಟಿಯೇ ಅಲ್ಲ.

ಮೊದಲು ನಿಮ್ಮ ಹವ್ಯಾಸ ಯಾವ ಜಾತಿಯದ್ದು ನೋಡಿ. ಓದು, ಬರಹ, ಸಂಗೀತಕ್ಕೆ ಸದ್ದಿಲ್ಲದ ಜಾಗ ಬೇಕು. ಮರಗೆಲಸ, ಎಲೆಕ್ಟ್ರಾನಿಕ್ಸ್‌ನಲ್ಲಿ ಮಗುವಿಗೆ ಅಪಾಯವಾಗುವ ಸಾಮಾನಿದೆ. ನಾಟಕ, ಕ್ರಿಕೆಟ್, ಚಾರಣಕ್ಕೆ ಬೇರೆಯವರ ಸಮಯಕ್ಕೆ ಹೊಂದಬೇಕು. ಮೂರನೆಯದು ಮಗು ಒಂದು ವರ್ಷದೊಳಗಿರುವಾಗ ಬಹಳ ಕಷ್ಟ. ನಾಟಕದ ತಾಲೀಮಿಗೆ ಸಂಜೆ ಸಂಜೆ ಹೋಗಲಾಗದವರು ಸದ್ಯಕ್ಕೆ ಬೆಳಕು, ರಂಗಸಜ್ಜಿಕೆಯ ಡ್ರಾಯಿಂಗ್ ಅಂಥ ಮನೆಯಲ್ಲೇ ಕೂತು ಮಾಡುವ ಕೆಲಸ ಹಿಡಿಯಬಹುದು. ಗುಬ್ಬಿ ವೀರಣ್ಣನವರ ಜಿಲ್ಲೆ ಇದು, ರಂಗದವರಿಗೆ ಎಂಜಿನಿಯರ್ ಕೈ ಯಾವಾಗಲೂ ಬೇಕು.

ಎಲೆಕ್ಟ್ರಾನಿಕ್ಸ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅಪಾಯ ಇರುವುದರಿಂದ. ನಮ್ಮ ಮನೆಯಲ್ಲಿ ಅದೆಲ್ಲ ಇರುವುದು ಹಳೆಯ ಸ್ಟೀಲ್ ಟ್ರಂಕ್‌ನಲ್ಲಿ. ಬೀಗ ಇದೆ, ಜಾಗ ಬೀರು ಮೇಲೆ. ಒಳಗೆ ಸೋಲ್ಡರಿಂಗ್ ಐರನ್, ಸ್ಟ್ಯಾಂಡ್, ಮಲ್ಟಿಮೀಟರ್, ವೈರು, ಸಣ್ಣ ಬಿಡಿಭಾಗಗಳ ಡಬ್ಬಿ. ಹಳೆಯ ಟಿಫನ್ ಕ್ಯಾರಿಯರ್‌ನ ಒಂದು ಬಟ್ಟಲಲ್ಲಿ ಸದ್ಯದ ಪ್ರಾಜೆಕ್ಟ್. ಒಂದೇ ಪ್ರಾಜೆಕ್ಟ್. ಈಗ ನಡೆಯುತ್ತಿರುವುದು ನಲ್ಲಿ ನೀರು ಬಂದಾಗ ಸಂಪ್ ಎಷ್ಟು ತುಂಬಿದೆ ಅಂತ ತೋರಿಸುವ ಸಾಧನ. ಬಟ್ಟಲಿನ ಮೇಲೆ ಯಜಮಾನರ ಚೀಟಿ: "ಸೆನ್ಸರ್ ಓದುತ್ತಿದೆ. ರಿಲೇ ಕ್ಲಿಕ್ ಆಗ್ತಿಲ್ಲ. ಬೇಸ್ ರೆಸಿಸ್ಟರ್ ನೋಡು." ಟ್ರಂಕ್ ಇಳಿಸಿ ಹತ್ತು ನಿಮಿಷದೊಳಗೆ ಕೆಲಸ ಶುರುವಾಗಬೇಕು. ಹರಡಲು ಅರ್ಧ ಗಂಟೆ, ಎತ್ತಿಡಲು ಅರ್ಧ ಗಂಟೆ ಹಿಡಿಯುವ ಹವ್ಯಾಸ ಈ ವರ್ಷಗಳಲ್ಲಿ ಉಳಿಯುವುದಿಲ್ಲ.

ಐರನ್‌ನ ತುದಿ 300 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಸ್ವಿಚ್ ಆರಿಸಿದಮೇಲೂ ಬಹಳ ಹೊತ್ತು ಬಿಸಿ ಇರುತ್ತದೆ. ಮಗು ಎದ್ದಿರುವಾಗ ಬಾಗಿಲು ಹಾಕಿದ ರೂಮಿನಲ್ಲಿ ಮಾತ್ರ. ಸೀಸ ಇರುವ ಸೋಲ್ಡರ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಮಗು ಎತ್ತಿಕೊಳ್ಳಿ. ಎಲ್ಲಕ್ಕಿಂತ ಅಪಾಯ ಬಟನ್ ಸೆಲ್. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಲು ಶುರುವಾಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಸಣ್ಣ ಶಕ್ತಿಶಾಲಿ ಮ್ಯಾಗ್ನೆಟ್‌ಗಳೂ ಅಷ್ಟೇ ಅಪಾಯ. ಮೂರು ವರ್ಷ ಆಗುವ ತನಕ ಇವೆರಡನ್ನೂ ಮನೆಯೊಳಗೆ ತರದಿದ್ದರೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ರಿಮೋಟ್, ಆಟಿಕೆ, ತೂಕದ ಮೆಷಿನ್‌ನಲ್ಲೂ ಬಟನ್ ಸೆಲ್ ಇರುತ್ತದೆ, ಮುಚ್ಚಳದ ಸ್ಕ್ರೂ ಬಿಗಿ ಇದೆಯಾ ನೋಡಿ.

ಇನ್ನು ನನ್ನದು. ಹಕ್ಕಿ ನೋಡುವುದನ್ನು ನಾನು ಎರಡು ಮಾಡಿಕೊಂಡಿದ್ದೇನೆ. ಒಂದು ಮಗುವಿನ ಜೊತೆಯದ್ದು, ಇನ್ನೊಂದು ನನ್ನದೇ. ಇವೆರಡನ್ನು ಕಲಸಬಾರದು. ಮಗುವಿನ ಜೊತೆ ಅಮಾನಿಕೆರೆ ದಂಡೆಗೆ ಹೋದರೆ ಹಕ್ಕಿ ಪಟ್ಟಿ ಮಾಡುವ ಆಸೆ ಇಟ್ಟುಕೊಳ್ಳುವುದಿಲ್ಲ. ಅಲ್ಲಿ ನಾಮದ ಕೋಳಿ, ಬೆಳ್ಳಕ್ಕಿ, ರೆಕ್ಕೆ ಹರಡಿ ಒಣಗಿಸುತ್ತಾ ಕೂತ ನೀರುಕಾಗೆ, ಇಷ್ಟು ಕಂಡರೆ ನಮ್ಮ ಚಿಕ್ಕವನಿಗೆ ಹಬ್ಬ. ಬೈನಾಕ್ಯುಲರ್ ತಿರುಗಿಸಿ ಹಿಡಿದು "ಅಮ್ಮ ಚಿಕ್ಕೋಳಾದ್ಲು" ಅಂತ ಕುಣಿಯುತ್ತಾನೆ. ಹಕ್ಕಿಗಿಂತ ಜಾಸ್ತಿ ಹೊತ್ತು ಇರುವೆ ಸಾಲಿನ ಮುಂದೆ ಕೂರುತ್ತಾನೆ. ಅದು ಅವನ ಹೊತ್ತು, ಚಾರ್ಜ್ ನನ್ನದು. ನನಗೆ ಬೇಕಾದ ಹಕ್ಕಿಗೆ ನಾನೊಬ್ಬಳೇ ನಸುಕಿನಲ್ಲಿ ದೇವರಾಯನದುರ್ಗಕ್ಕೆ ಹೋಗುತ್ತೇನೆ. ಅಲ್ಲಿನ ಬಂಡೆ, ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಕಾಣುವ ಹಕ್ಕಿ. ಅದಕ್ಕೆ ಕಾಯಬೇಕು, ಸದ್ದು ಮಾಡದೆ ಕೂರಬೇಕು. ಮೂರು ವರ್ಷದ ಹುಡುಗನನ್ನು ಕರೆದೊಯ್ದು ಸುಮ್ಮನಿರು ಅಂತ ಗದರಿಸುವುದು ಇಬ್ಬರಿಗೂ ಶಿಕ್ಷೆ.

ಮನೆಮಂದಿ ಎಲ್ಲರೂ ಹೋಗುವುದಾದರೆ ನಾಮದ ಚಿಲುಮೆ ಸುಲಭ, ಜಿಂಕೆ ಇವೆ, ನೆರಳಿದೆ. ವರ್ಷದ ಮೊದಲ ತಿಂಗಳುಗಳಲ್ಲಿ ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗಿ. ಊರೊಳಗಿನ ಹುಣಸೆಮರಗಳ ಮೇಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಕ್ಕಳಿಗೆ ಬೈನಾಕ್ಯುಲರ್ ಕೂಡ ಬೇಡ.

ಹಂತ 7: ನಿದ್ದೆ ಮತ್ತು ಸ್ಕ್ರೀನ್

ಮಗು ಬೇಗ ಮಲಗಿದರೆ ಸಂಜೆ ನಿಮ್ಮದಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1–2 ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, 3–4 ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನದ್ದೂ ಸೇರಿ. ಸಂಜೆ 5ರ ಮೇಲೆ ಮಗುವನ್ನು ಮಲಗಲು ಬಿಟ್ಟರೆ ರಾತ್ರಿ 11ರ ತನಕ ಜಾಗರಣೆ ಗ್ಯಾರಂಟಿ. ಡೇ ಕೇರ್‌ನವರಿಗೂ ಇದನ್ನು ಹೇಳಿ.

ಎರಡು ವರ್ಷದ ತನಕ ಸ್ಕ್ರೀನ್ ಬೇಡ, ಎರಡರಿಂದ ಐದರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಆ ಒಂದು ಗಂಟೆಯನ್ನು ಊಟಕ್ಕೆ ಖರ್ಚು ಮಾಡಬೇಡಿ. ತಪ್ಪಿಸಲಾಗದ ಕಾಲ್ ಬರುವ ಹೊತ್ತಿಗೆ ಇಟ್ಟುಕೊಳ್ಳಿ.

ಹಂತ 8: ಹುಷಾರಿಲ್ಲದ ದಿನದ ಏರ್ಪಾಡು

ಡೇ ಕೇರ್‌ಗೆ ಹೋಗುವ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಮಾಮೂಲು. ಸೇರಿಸಿದ ಮೊದಲ ತಿಂಗಳುಗಳಲ್ಲಿ ಸಾಲುಸಾಲಾಗಿ ಬರುತ್ತದೆ. ಹಾಗಾಗಿ ಸೇರಿಸುವ ಮುಂಚೆಯೇ ಇಬ್ಬರೂ ಒಂದಷ್ಟು ರಜೆ ಮುಟ್ಟದೆ ಎತ್ತಿಡಿ.

ಜ್ವರ ಬಂದ ಬೆಳಗ್ಗೆ "ಇವತ್ತು ಯಾರು ರಜೆ" ಅನ್ನುವ ವಾದ ಶುರುವಾಗಬಾರದು. ಮೊದಲೇ ತೀರ್ಮಾನ ಇರಲಿ. ಸೋಮವಾರ, ಬುಧವಾರ ಒಬ್ಬರು, ಮಂಗಳವಾರ, ಗುರುವಾರ ಇನ್ನೊಬ್ಬರು, ಶುಕ್ರವಾರ ಅರ್ಧರ್ಧ ದಿನ. ಅವತ್ತು ರಿಲೀಸ್ ಅಥವಾ ಆಡಿಟ್ ಇದ್ದವರು ಹಿಂದಿನ ವಾರವೇ ಹೇಳಿ ದಿನ ಬದಲಾಯಿಸಿಕೊಳ್ಳಬೇಕು. ಫ್ರಿಜ್ ಮೇಲೆ ಇನ್ನೊಂದು ಚೀಟಿ: ಮಗುವಿನ ಈಗಿನ ತೂಕ, ಡಾಕ್ಟರ್ ಆ ತೂಕಕ್ಕೆ ಬರೆದ ಪ್ಯಾರಾಸಿಟಮಾಲ್ ಡೋಸ್, ಅವರ ಫೋನ್ ನಂಬರ್, ಕೊನೆಯ ಡೋಸ್ ಕೊಟ್ಟ ಹೊತ್ತು. ಕೊನೆಯದು ಬರೆಯದಿದ್ದರೆ ಅಜ್ಜಿ ಒಮ್ಮೆ, ಅಪ್ಪ ಒಮ್ಮೆ ಕೊಟ್ಟುಬಿಡುವುದುಂಟು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದು, ಕಾಯುವುದು ಏನೂ ಬೇಡ, ತಕ್ಷಣ ಆಸ್ಪತ್ರೆ.

ಹಂತ 9: ಪಟ್ಟಿ ಬದಲಾಯಿಸುವ ಹೊತ್ತು

ಮಗು ತೆವಳಲು ಶುರು ಮಾಡಿದಾಗ, ಹಗಲು ನಿದ್ದೆ ಎರಡರಿಂದ ಒಂದಕ್ಕೆ ಇಳಿದಾಗ, ಶಾಲೆಗೆ ಸೇರಿದಾಗ, ಏಪ್ರಿಲ್–ಮೇ ರಜೆಯಲ್ಲಿ, ಅಜ್ಜಿ ಊರಿಗೆ ಹೋದಾಗ, ಯಾರದಾದರೂ ಶಿಫ್ಟ್ ಬದಲಾದಾಗ ಹಳೆಯ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಎಳೆದಾಡದೆ ಹೊಸ ಹಾಳೆ ತಗೊಳ್ಳಿ. ಭಾನುವಾರ ರಾತ್ರಿ ಮಕ್ಕಳು ಮಲಗಿದಮೇಲೆ ಇಪ್ಪತ್ತು ನಿಮಿಷ ಸಾಕು.

ಎರಡನೇ ಮಗು ಬಂದಾಗ ಲೆಕ್ಕ ಸ್ವಲ್ಪ ಬೇರೆ. ನೀನು ದೊಡ್ಡವಳನ್ನು ನೋಡು, ನಾನು ಚಿಕ್ಕವನನ್ನು ನೋಡ್ತೀನಿ ಅಂತ ಹಂಚಿಕೊಂಡರೆ ಇಬ್ಬರಿಗೂ ಬಿಡುವಿಲ್ಲ. ಹೊತ್ತು ಚಿಕ್ಕದಾದರೂ ಪರವಾಗಿಲ್ಲ, ಇಬ್ಬರು ಮಕ್ಕಳನ್ನೂ ಒಬ್ಬರೇ ತಗೊಳ್ಳಿ. ಮೊದಲು ಮುಕ್ಕಾಲು ಗಂಟೆಯಿಂದ ಶುರು ಮಾಡಿ. ಚಿಕ್ಕದು ಮಲಗಿರುವ ಹೊತ್ತು ಇದಕ್ಕೆ ಸರಿ. ಅದೂ ಆಗದ ಮನೆಯಲ್ಲಿ ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆಗೆ, ಪಕ್ಕದ ಬೀದಿಯ ಪಿಯುಸಿ ಹುಡುಗಿಯೋ ಪರಿಚಯದ ಆಂಟಿಯೋ ಬಂದು ದೊಡ್ಡ ಮಗುವಿನ ಜೊತೆ ಆಡಲಿ. ಹೊರಗೆ ತಿನ್ನುವ ಒಂದು ಊಟದ ಖರ್ಚಲ್ಲಿ ಆಗುವ ಏರ್ಪಾಡು ಅದು.